ಡ್ಯಾಶ್‌ಬೋರ್ಡ್ ಹಸಿರಾಗಿತ್ತು, ಮೋಲ್ಡ್ ಹಾಕಿರಲಿಲ್ಲ

ಕಟ್ಟಡದ ಕೆಲಸದಲ್ಲಿ ಪ್ಲಾನಿಂಗ್ ನೋಡಿಕೊಳ್ಳುವವನು ನಾನು. ಕೆಲವು ವರ್ಷದ ಹಿಂದಿನ ಮಾತು. ಆಫೀಸಿನ ಪರದೆಯಲ್ಲಿ, ಅಂದರೆ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಡ್ಯಾಶ್‌ಬೋರ್ಡ್‌ನಲ್ಲಿ, ಮೂರನೇ ಮಹಡಿ ಪೂರ್ತಿ ಹಸಿರು. ಹಸಿರು ಅಂದರೆ ಕೆಲಸ ಮುಗಿದಿದೆ ಅಂತ. ಸೈಟ್‌ಗೆ ಹೋದರೆ ಸೆಂಟ್ರಿಂಗೇ ಮುಗಿದಿಲ್ಲ, ಮೋಲ್ಡ್ ದೂರದ ಮಾತು. ಸೂಪರ್‌ವೈಸರ್‌ನನ್ನು ಕೇಳಿದೆ. "ಸರ್, ಕಡಿಮೆ ತೋರಿಸಿದರೆ ಮೀಟಿಂಗಲ್ಲಿ ಬೈತಾರೆ. ಭಾನುವಾರದೊಳಗೆ ಮುಗಿಸ್ತೀವಲ್ಲ ಅಂತ ಹಾಕಿಬಿಟ್ಟೆ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಹೆದರಿಸಿದವರು ನಾವೇ ಅಲ್ವಾ?

ಈಗ ಎಲ್ಲ ಮೀಟಿಂಗಲ್ಲೂ ಬಿಗ್ ಡೇಟಾ ಮಾತು, ಅಂದರೆ ಸಾವಿರಾರು ಹಳೆಯ ಕೆಲಸಗಳ ಲೆಕ್ಕ ಕೂಡಿಹಾಕಿ ಕಂಪ್ಯೂಟರ್‌ನಿಂದ ಅಂದಾಜು ಮಾಡಿಸುವುದು. ನಾನು ಅದರ ಪರವೇ. ಡೆನ್ಮಾರ್ಕ್‌ನ ಪ್ರೊಫೆಸರ್ ಬೆಂಟ್ ಫ್ಲೈವ್‌ಬ್ಯರ್ಗ್ 136 ದೇಶಗಳ 16,000ಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳ ಲೆಕ್ಕ ಕೂಡಿಹಾಕಿದ್ದಾರೆ. ಹೇಳಿದ ಖರ್ಚು, ಹೇಳಿದ ಸಮಯ ಎರಡರೊಳಗೂ ಮುಗಿದವು ಶೇ. 8.5 ಮಾತ್ರ. ಜೊತೆಗೆ ಹೇಳಿದ ಲಾಭವೂ ಸಿಕ್ಕಿದ್ದು ಶೇ. 0.5ರಷ್ಟಕ್ಕೆ. ಸಿಡ್ನಿಯ ಒಪೆರಾ ಹೌಸ್ 1963ಕ್ಕೆ, 70 ಲಕ್ಷ ಆಸ್ಟ್ರೇಲಿಯಾ ಡಾಲರ್‌ನಲ್ಲಿ ಮುಗಿಯಬೇಕಿತ್ತು. ಮುಗಿದದ್ದು 1973ಕ್ಕೆ, 10 ಕೋಟಿ ಡಾಲರ್ ದಾಟಿ.

ಫ್ಲೈವ್‌ಬ್ಯರ್ಗ್ ಹೇಳುವ ದಾರಿ ಸರಳ. ನಿಮ್ಮ ಪ್ಲಾನ್ ಪಕ್ಕಕ್ಕಿಡಿ. ಇಂಥದ್ದೇ ಹಳೆಯ ಕೆಲಸಗಳು ನಿಜಕ್ಕೂ ಎಷ್ಟು ದಿನ ಹಿಡಿದವು, ಮೊದಲು ಅದನ್ನು ನೋಡಿ. ಮೇಸ್ತ್ರಿ ಆರು ತಿಂಗಳು ಅಂದರೆ ನಾವು ಸುಮ್ನೆ ನಂಬುತ್ತೇವಾ? ಅದೇ ಬೀದಿಯಲ್ಲಿ ಮನೆ ಕಟ್ಟಿಸಿದವರನ್ನು ಕೇಳುತ್ತೇವೆ. ಇದೂ ಅದೇ, ಆದರೆ ಹದಿನಾರು ಸಾವಿರ ಮನೆಯವರನ್ನು ಕೇಳಿದ ಹಾಗೆ.

ನಮ್ಮಲ್ಲೂ ಇಂಥ ಲೆಕ್ಕ ಇದೆ. 150 ಕೋಟಿ ರೂಪಾಯಿ ಮತ್ತು ಅದಕ್ಕೂ ಜಾಸ್ತಿಯ ಕೇಂದ್ರದ ಕೆಲಸಗಳ ವರದಿಯನ್ನು ಅಂಕಿಅಂಶ ಸಚಿವಾಲಯ ವರ್ಷಗಳಿಂದ ತರುತ್ತಿದೆ. ತಡಕ್ಕೆ ಕಾರಣ ಮತ್ತೆ ಮತ್ತೆ ಅವೇ: ಜಮೀನು ಸಿಗಲಿಲ್ಲ, ಅರಣ್ಯ ಇಲಾಖೆ ಒಪ್ಪಿಗೆ ಬರಲಿಲ್ಲ, ಪೈಪು ಕೇಬಲ್ ಸರಿಸಲಿಲ್ಲ. ಆದರೂ ಹೊಸ ಶೆಡ್ಯೂಲ್ ಮಾಡುವಾಗ ಜಮೀನು ಮೊದಲ ದಿನವೇ ಕೈಗೆ ಬರುತ್ತದೆ ಅಂತ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಇದು ತಪ್ಪು.

ಆದರೆ ನನ್ನ ಚಿಂತೆ ಆ ಸೂಪರ್‌ವೈಸರ್‌ದು. ಅವನು ತುಂಬಿದ ಸುಳ್ಳು ಶೇಕಡ ನೂರು ನಾಳೆ 'ಹಳೆಯ ಡೇಟಾ' ಆಗುತ್ತದೆ. ಅದನ್ನೇ ನೋಡಿ ಕಂಪ್ಯೂಟರ್ ಮುಂದಿನ ಕಟ್ಟಡದ ತಾರೀಖು ಹೇಳುತ್ತದೆ. ಅಂಥ ಸಾವಿರ ಸೈಟ್ ಸೇರಿಸಿದರೆ ಸುಳ್ಳು ಸಾವಿರಪಟ್ಟು ಆಗುತ್ತದೆ ಅಷ್ಟೇ.

ಅದಕ್ಕೇ ನನ್ನ ಮುಂದಿನ ಸೈಟ್‌ನಲ್ಲಿ ಒಂದೇ ನಿಯಮ ಇಟ್ಟೆ. ಕೆಲಸ ಕಡಿಮೆ ತೋರಿಸಿದ್ದಕ್ಕೆ ಯಾರನ್ನೂ ಬೈಯುವಂತಿಲ್ಲ, ಏನು ಬೇಕು ಅಂತ ಮಾತ್ರ ಕೇಳಬೇಕು. ಮೊದಲ ವಾರ ಅರ್ಧ ಪರದೆ ಕೆಂಪಾಯಿತು. ಮೇಲಿನವರು ಗಾಬರಿಯಾದರು. ಒಂದೊಂದೇ ಕೆಂಪು ಗುರುತು ಹಿಡಿದು ಕಾರಣ ಕೇಳುತ್ತಾ ಹೋದೆವು. ಹೆಚ್ಚಿನ ಕಡೆ ಕೆಲಸ ನಿಂತಿದ್ದು ಆಳು ಕಡಿಮೆಯಾಗಿ ಅಲ್ಲ. ನಮ್ಮ ಆಫೀಸಿನಿಂದ ಡ್ರಾಯಿಂಗೇ ಹೋಗಿರಲಿಲ್ಲ.