ಗುಂಡಿ ಒತ್ತಿದ್ದು ನನ್ನ ತಪ್ಪಾ?

"ಕಾಕೂಂನಾ ಸಾಂಗಾ, ಹಾತ್ ಲಾವೂ ನಕಾ." ನಾನು ಮುಟ್ಟಬಾರದಂತೆ! ಅದನ್ನಾದರೂ ಆ ಎಲೆಕ್ಟ್ರಿಷಿಯನ್ ನನಗೆ ಹೇಳಿದನಾ? ಇಲ್ಲ. ಒಂದು ಮಾರು ದೂರದಲ್ಲಿ ನಾನು ನಿಂತಿದ್ದೇನೆ, ಇವರ ಮುಖ ನೋಡಿ "ಕಾಕೂಗೆ ಹೇಳಿ" ಅನ್ನುತ್ತಾನೆ.

ಹಳೆ ಮರದ ಬೋರ್ಡು, ಕಿಟ್‌ಕ್ಯಾಟ್ ಫ್ಯೂಸ್ ಎಲ್ಲ ತೆಗೆಸಿ ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚುಗಳ ಪೆಟ್ಟಿಗೆ ಹಾಕಿಸಿ ಅಂತ ಎರಡು ವರ್ಷದಿಂದ ಬಾಯಿ ಬಡಿದುಕೊಂಡವಳು ನಾನು. ಮುಂಬೈಯ ಮುಲುಂಡಿನ ಈ ಬಿಲ್ಡಿಂಗು ಕಟ್ಟುವಾಗ ಮನೆಯಲ್ಲಿ ಫ್ರಿಜ್ ಇದ್ದರೆ ಅದೇ ದೊಡ್ಡ ಸಂಗತಿ. ಈಗ ಎಸಿ, ಗೀಸರ್, ವಾಷಿಂಗ್ ಮಷಿನ್. ಫ್ಯೂಸ್ ಹೋದಾಗಲೆಲ್ಲ ಇವರು ದಪ್ಪ ತಂತಿ ಸುತ್ತಿ "ಇನ್ನು ಹೋಗುದಿಲ್ಲ" ಅನ್ನುವವರು. ಹೋಗದಿದ್ದರೆ ಫ್ಯೂಸ್ ಯಾಕೆ ಬೇಕು ಮಾರಾಯ್ರೆ?

ಹೊಸ ಪೆಟ್ಟಿಗೆ ಬಂತು. ಗೀಸರ್ ಹಾಕಿದರೆ ಅದರೊಳಗಿನ ಆರ್‌ಸಿಸಿಬಿ, ಶಾಕ್‌ನಿಂದ ಕಾಯುವ ಸ್ವಿಚ್ಚು, ಬೀಳುತ್ತಿತ್ತು. ಬೀಳಲೇಬೇಕು! ಹೋದಷ್ಟು ಕರೆಂಟ್ ವಾಪಸ್ ಬಾರದೆ 30 ಮಿಲಿಆಂಪಿಯರ್ ಎಲ್ಲೋ ಸೋರಿದರೆ ಬೀಳುವುದೇ ಅದರ ಕೆಲಸ. ಸೋರಿಕೆ ಉಂಟು, ಹುಡುಕು ಅಂತ ಅರ್ಥ. ಇವನು ಬಂದ, ಹತ್ತು ನಿಮಿಷ ಒಳಗೆ ಕೈಯಾಡಿಸಿದ, "ಆತಾ ಟ್ರಿಪ್ ಹೋಣಾರ್ ನಾಹೀ" ಅಂದ. ಇನ್ನು ಬೀಳುವುದಿಲ್ಲವಂತೆ! ನೋಡಿದರೆ ಗೀಸರ್ ಲೈನಿನ 16 ಆಂಪಿಯರ್ ಎಂಸಿಬಿ ತೆಗೆದು 32ರದ್ದು ಕೂರಿಸಿದ್ದಾನೆ. 2000 ವಾಟಿನ ಗೀಸರ್, 230 ವೋಲ್ಟ್, 9 ಆಂಪಿಯರ್ ಕೂಡ ಎಳೆಯುವುದಿಲ್ಲ. 32 ಯಾರಿಗೆ? ಲೋಡು ಹೆಚ್ಚಾದರೆ ಅದು ಬೀಳುವ ಮೊದಲು ಗೋಡೆಯೊಳಗಿನ 2.5 ಚದರ ಎಂಎಂ ವಯರಿನ ಹೊದಿಕೆಯೇ ಕಾದು ಕರಗಬಹುದು.

ಸಂಶಯ ಬಂದು ಆರ್‌ಸಿಸಿಬಿಯ 'ಟಿ' ಗುಂಡಿ, ಅಂದರೆ ಟೆಸ್ಟ್ ಗುಂಡಿ, ಒತ್ತಿದೆ. ಲಿವರ್ ಟಕ್ಕೆಂದು ಬಿತ್ತು. ಫ್ಯಾನು ತಿರುಗುತ್ತಲೇ ಇತ್ತು! ಮನೆಯ ಲೈನೆಲ್ಲ ಅದನ್ನು ತಪ್ಪಿಸಿ ಮೇನಿನಿಂದ ನೇರ ಕೊಟ್ಟಿದ್ದಾನೆ. ಕೇಳಿದೆ. ಬಾಗಿಲಲ್ಲಿ ಸೆಕ್ರೆಟರಿ, ಎದುರುಮನೆಯ ವಹಿನಿ, ಅವನ ಜೊತೆ ಬಂದ ಹುಡುಗ. ಎಲ್ಲರೆದುರು ಆ ಮಾತು. ಹುಡುಗ ನಕ್ಕ. ಸರಿ, ಅವನು ಹುಡುಗ. ಇವರೂ ನಕ್ಕರು. 31 ವರ್ಷ ಸಂಸಾರ ಮಾಡಿದವರು "ಆಯ್ತು ಮಾರಾಯ್ತಿ, ಚಾ ಮಾಡು" ಅಂದರು. ನಾನು ಹೋಗಿ ಚಾ ಮಾಡಿದೆ. ಅವನಿಗೆ ಸಕ್ಕರೆ ಎಷ್ಟು ಅಂತಲೂ ಕೇಳಿದೆ. ಈಗ ಹೊಟ್ಟೆ ಉರಿಯುವುದು ಅದಕ್ಕೇ.

ನಾಳೆಯೇ ಎಲ್ಲ ಬಿಚ್ಚಿಸುತ್ತೇನೆ. ಬೇಡ ಬಿಡಿ, ದುಡ್ಡು ಕೊಟ್ಟಾಗಿದೆ, ಸೆಕ್ರೆಟರಿಯ ಗುರ್ತದವನು, ಇದೇ ಬಿಲ್ಡಿಂಗಿನಲ್ಲಿ ಬದುಕಬೇಕು. ಆದರೆ ಬಿಡುವುದು ಹೇಗೆ? ದೀಪಾವಳಿಗೆ ಮಗಳು ಮಗುವನ್ನು ಕರೆದುಕೊಂಡು ಬರುತ್ತಾಳೆ. ಅದೇ ಬಾತ್‌ರೂಮಿನಲ್ಲಿ ಮೀಯಿಸಬೇಕು. ಭಾಂಡುಪ್, ಮುಲುಂಡ್, ಠಾಣೆ ಕಡೆಯವರು ಯಾರಾದರೂ ಹೇಳಿ, ಲೈಸೆನ್ಸ್ ಇರುವ, ವಯರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ತಂದು ವಯರಿಂಗ್ ಪರೀಕ್ಷೆ ಮಾಡುವ, ಹೆಂಗಸು ಕೇಳಿದ್ದಕ್ಕೆ ಹೆಂಗಸಿಗೇ ಉತ್ತರ ಕೊಡುವ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನಾ? ನಿಮ್ಮ ಮನೆಯ ಆ ಗುಂಡಿಯನ್ನು ಒಮ್ಮೆಯಾದರೂ ಒತ್ತಿ ನೋಡಿದ್ದೀರಾ?

ಇವತ್ತು ಗೀಸರ್ ಹಾಕಲಿಲ್ಲ. ಗ್ಯಾಸಿನಲ್ಲಿ ನೀರು ಕಾಯಿಸಿ ಬಕೆಟಿಗೆ ಹೊಯ್ದು ಕೊಟ್ಟೆ. ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುವಾಗ ಇವರು ಮತ್ತೆ ನಕ್ಕರು.