ದಪ್ಪ ನೋಡಿ ತೊಗೋಬ್ಯಾಡ್ರಿ
ಲಿನಕ್ಸ್ (ವಿಂಡೋಸ್ ಇದ್ದಂಗ ಕಂಪ್ಯೂಟರ್ ನಡೆಸೋ ವ್ಯವಸ್ಥೆ) ಕಲಿಯೋರು ಇದ್ದದ್ರಾಗ ದಪ್ಪನ ಪುಸ್ತಕ ತೊಗೋಬೇಕು ಅಂತ ಬರ್ದೀರಿ ಸರ್, ನಾ ಒಪ್ಪಂಗಿಲ್ಲ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಪುಸ್ತಕ ಹುಡುಕೋ ಹುಡುಗ್ರಿಗೆ ನಾ ಹೇಳೋದು, ಮೊದ್ಲು ಹಿಂದಿನ ಪದಸೂಚಿ ತೆರೀರಿ, ‘ಸಿಸ್ಟಮ್‌ಸಿಟಿಎಲ್’ ಅದ ಏನು ನೋಡ್ರಿ. ಅದು ಸಿಸ್ಟಮ್‌ಡಿಯ ಕಮಾಂಡ್; ಕಂಪ್ಯೂಟರ್ ಚಾಲೂ ಆದಾಗ ಒಳಗಿನ ಸೇವೆಗಳ್ನ ಶುರು ಮಾಡಿ ನೋಡ್ಕೊಳ್ಳೋದೇ ಸಿಸ್ಟಮ್‌ಡಿ. ಲಿನಕ್ಸಿನ ಬ್ಯಾರೆ ಬ್ಯಾರೆ ರೂಪದಾಗ ರೆಡ್ ಹ್ಯಾಟ್ 2014ರಾಗ, ಡೆಬಿಯನ್, ಉಬುಂಟು 2015ರಾಗ ಸಿಸ್ಟಮ್‌ಡಿಗೆ ಬಂದಾವ. ಬರೇ ಅದಕ್ಕಿಂತ ಹಳೇ ಪದ್ಧತಿ ‘ಇನಿಟ್’ ಸ್ಕ್ರಿಪ್ಟ್ ಹೇಳೋ ಪುಸ್ತಕ ಅರ್ಧ ದರಕ್ಕ ಕೊಟ್ರೂ ಬ್ಯಾಡ. ಫೈಲ್ ಪರ್ಮಿಷನ್, ಪೈಪ್ (ಒಂದು ಕಮಾಂಡಿನ ಫಲ ಇನ್ನೊಂದಕ್ಕ ಕೊಡೋದು) ಅಧ್ಯಾಯ ಮಾತ್ರ ಹಳೇದ್ರಾಗೂ ಛಲೋನೇ ಇರ್ತಾವ, ಅವು ಲಿನಕ್ಸಿಗಿಂತ ಹಿಂದಿನ ಯುನಿಕ್ಸ್ ಕಾಲದ್ವು. ಕಮಾಂಡಿನ ಆಪ್ಷನ್ ಪಟ್ಟಿಗೆ ರೊಕ್ಕ ಯಾಕ್ರಿ? ‘ಮ್ಯಾನ್’ ಅಂತ ಹೊಡದು ಕಮಾಂಡ್ ಹೆಸರು ಹಾಕಿದ್ರ ನೆಟ್ ಇಲ್ದೇನೂ ಸಿಗ್ತದ. ವಿಲಿಯಂ ಶಾಟ್ಸ್ ಅವರ ‘ದಿ ಲಿನಕ್ಸ್ ಕಮಾಂಡ್ ಲೈನ್’ ಪಿಡಿಎಫ್ ಲೇಖಕರೇ ಪುಕ್ಕಟೆ ಕೊಟ್ಟಾರ. ಇಂಗ್ಲಿಷ್ ಸರಳ ಅದ, ಕಿಸೆಗೆ ಕೈ ಹಾಕೋ ಮೊದ್ಲು ಅದು ಓದ್ರಿ.