ಬೆಲ್ಲದ ಬಾಕಿಯೂ ಒತ್ತಕ್ಷರದ ಕಾಟವೂ

ನಿವೃತ್ತಿಯ ನಂತರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಹೊರಟಿದ್ದ ನನಗೆ, ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಆಲೆಮನೆ ನಡೆಸುವ ಭಾವಮೈದುನನು ತನ್ನ ಬಾಕಿ ವಸೂಲಿಯ ಲೆಕ್ಕವನ್ನು ಒಪ್ಪಿಸಿದ್ದು ನನ್ನ ವಿದ್ಯೆಯ ಮೇಲಿನ ನಂಬಿಕೆಯಿಂದಲ್ಲ, ಗುಮಾಸ್ತನ ಸಂಬಳ ಉಳಿಯುತ್ತದೆಂಬ ಆಸೆಯಿಂದ. ಅವನ ಮಗಳು ಲೆಕ್ಕವನ್ನೆಲ್ಲ ‘ಬೆಲ್ಲ.ಜೇಸನ್’ ಎಂಬ ಕಡತವಾಗಿಸಿ ಕಳುಹಿಸಿದಳು. ಜೇಸನ್ ಎಂದರೆ ಮಾಹಿತಿಯನ್ನು ಗಣಕ ಓದಬಲ್ಲಂತೆ ಪಠ್ಯವಾಗಿ ಬರೆದಿಡುವ ಒಂದು ರೀತಿ.

ಅದನ್ನು ಓದುವ ಪ್ರೋಗ್ರಾಮಿಗೆ ನಾನು ‘ಜೇಸನ್.ಪಿವೈ’ ಎಂದು ಹೆಸರಿಟ್ಟೆ. ಮಾಡ್ಯೂಲನ್ನು, ಅಂದರೆ ನಮ್ಮ ಪ್ರೋಗ್ರಾಮು ಎರವಲು ತರುವ ಸಿದ್ಧ ಪ್ರೋಗ್ರಾಮನ್ನು, ಹುಡುಕುವಾಗ ಪೈಥಾನ್ ತನ್ನೊಡನೆ ಬಂದ ಜೇಸನ್ ಮಾಡ್ಯೂಲಿಗಿಂತ ಮೊದಲು ಪ್ರೋಗ್ರಾಮ್ ಇರುವ ಫೋಲ್ಡರನ್ನೇ ನೋಡುತ್ತದೆಂದು ನನಗೇನು ಗೊತ್ತು? ಊರಿನ ಅರಳಿಕಟ್ಟೆಯ ಬಳಿ ‘ನಿಂಗೇಗೌಡ’ ಎಂದು ಕೂಗಿದರೆ ಕಟ್ಟೆಯ ಮೇಲಿದ್ದ ಬೇರೊಬ್ಬ ನಿಂಗೇಗೌಡನೇ ಎದ್ದು ಬರುವಂತೆ, ಅದು ನನ್ನ ಕಡತವನ್ನೇ ಎಳೆದು ತಂದು, ಇದರಲ್ಲಿ ಕಡತವನ್ನು ಓದಿಸುವ ‘ಲೋಡ್’ ಎಂಬ ಆಜ್ಞೆಯೇ ಇಲ್ಲವೆಂದು ದೂರಿತು.

ಹೆಸರು ಬದಲಿಸಿದೆ. ಈ ಬಾರಿ ‘ಲೋಡ್’ ಎಂದು ಬರೆಯುವಲ್ಲಿ ‘ಲೋಡ್ಸ್’ ಎಂದು ಬರೆದು, ಅದಕ್ಕೆ ಕಡತದ ಹೆಸರನ್ನು ಕೊಟ್ಟೆ. ಮೊದಲ ಸಾಲಿನ ಮೊದಲ ಅಕ್ಷರದಲ್ಲಿಯೇ ತಪ್ಪಿದೆಯೆಂದು ಉತ್ತರ ಬಂದದ್ದರಿಂದ, ಯಾವ ತಪ್ಪೂ ಇಲ್ಲದ ಆ ಮೊದಲ ಸಾಲನ್ನು ಕನ್ನಡಕ ಒರೆಸಿ ಒರೆಸಿ ಅರ್ಧ ದಿನ ನೋಡಿದೆ. ‘ಲೋಡ್ಸ್’ ಕಡತವನ್ನು ತೆರೆಯುವುದೇ ಇಲ್ಲ. ಕೊಟ್ಟ ಪಠ್ಯವನ್ನೇ ಜೇಸನ್ ಎಂದುಕೊಂಡು ಓದುತ್ತದೆ. ಕಾಗದದ ಮೇಲೆ ಬೆಲ್ಲ ಎಂದು ಬರೆದು ನೆಕ್ಕುವುದೆಂದರೆ ಇದೇ ಇರಬೇಕು. ಈ ಹುಡುಕಾಟದ ನಡುವೆ ಕಡತದಲ್ಲಿ ನಾನೇ ಸೇರಿಸಿದ್ದ ಒಂಟಿ ಉದ್ಧರಣ ಚಿಹ್ನೆಗಳನ್ನೂ ಕೊನೆಯ ನಮೂದಿನ ನಂತರದ ಅಲ್ಪವಿರಾಮವನ್ನೂ ತೆಗೆಯಬೇಕಾಯಿತು; ಜೇಸನ್ ಎರಡನ್ನೂ ಸಹಿಸುವುದಿಲ್ಲ.

ನಿಜವಾದ ಕಾಟ ಕೊಟ್ಟದ್ದು ನಮ್ಮ ಕನ್ನಡವೇ. ಕಡತವು ಎಲ್ಲ ಭಾಷೆಗಳ ಅಕ್ಷರಗಳನ್ನೂ ಅಂಕಿಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಸಂಕೇತದಲ್ಲಿದೆಯೆಂದು ನಾನು ಹೇಳದಿದ್ದುದರಿಂದ, ನನ್ನ ವಿಂಡೋಸ್ ಗಣಕದಲ್ಲಿ ಪೈಥಾನ್ ಅದನ್ನು 1252 ಎಂಬ ಹಳೆಯ ಪಾಶ್ಚಾತ್ಯ ಸಂಕೇತಪಟ್ಟಿಯ ಪ್ರಕಾರ ಓದತೊಡಗಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ ಮೂರು ಮೂರು ಅಂಕಿಗಳು, ಅಂದರೆ ಬೈಟ್‌ಗಳು. ‘ಬೆ’ ಎಂಬುದನ್ನು ಅದು ಹೇಗೋ ನುಂಗಿತು. ‘ಲ್ಲ’ ಗಂಟಲಿಗೆ ಸಿಕ್ಕಿಕೊಂಡಿತು. ಒತ್ತಕ್ಷರವನ್ನು ಕಟ್ಟುವ ಹಲಂತದ ಮೂರನೆಯ ಬೈಟ್ 8ಡಿ (ಗಣಕದವರ ಹದಿನಾರರ ಎಣಿಕೆಯ ಒಂದು ಅಂಕಿ), ಆ ಪಟ್ಟಿಯಲ್ಲಿ 8ಡಿಯ ಮನೆಯೇ ಖಾಲಿ! ಒಂದನೆಯ ತರಗತಿಯಲ್ಲಿ ಒತ್ತಕ್ಷರ ಬಾರದೆ ಮೇಷ್ಟರಿಂದ ಕಿವಿ ಹಿಂಡಿಸಿಕೊಂಡಿದ್ದ ನನಗೆ ಗಣಕದ ಮೇಲೆ ಕನಿಕರವೇ ಉಂಟಾಯಿತು. ಭಾವಮೈದುನನು ಬೆಲ್ಲದ ಬದಲು ರಾಗಿ ಮಾರಿದ್ದರೆ ಆ ಪದದಲ್ಲಿ ದೋಷವೇ ಬರುತ್ತಿರಲಿಲ್ಲ, ರಾಗಿಯ ಜಾಗದಲ್ಲಿ ಅರ್ಥವಿಲ್ಲದ ವಿಚಿತ್ರ ಅಕ್ಷರಗಳು ಮೂಡುತ್ತಿದ್ದವು, ಅಷ್ಟೆ.

ಕಡತ ತೆರೆಯುವ ಸಾಲಿನಲ್ಲಿ ಯುಟಿಎಫ್-8 ಎಂದು ಸೇರಿಸಿದೊಡನೆ ಲೆಕ್ಕವೆಲ್ಲ ಅಚ್ಚುಕಟ್ಟಾದ ಕನ್ನಡದಲ್ಲಿ ತೆರೆದುಕೊಂಡಿತು. ಮೊದಲ ನಮೂದು ಹೀಗಿತ್ತು: ‘ಅಶೋಕನಗರದ ಮಾವ, ಅಚ್ಚುಬೆಲ್ಲ 10 ಕೆ.ಜಿ., ಹೋದ ಸಂಕ್ರಾಂತಿಯಿಂದ ಬಾಕಿ.’

ಅಷ್ಟರಲ್ಲಿ ಹುಡುಗಿಯ ಫೋನ್ ಬಂತು. “ಫೈಲು ಓಪನ್ ಆಯ್ತಾ ಮಾವ?”

“ಇಲ್ಲ ಕಣಮ್ಮ, ಇನ್ನೂ ಏನೋ ಎರರ್ ತೋರಿಸ್ತಾ ಇದೆ” ಎಂದೆ.